ಸಿಲಿಂಡರ್ ಇಲ್ಲ, ಚಿಲ್ಲರ್ ಇಲ್ಲ: ಮುಂಬೈ ಸೆಕೆಯಲ್ಲಿ ನಿಂತ ಗಿಡದ ಟ್ಯಾಂಕು

ನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವ ಗ್ಯಾಸ್ ಸಿಲಿಂಡರ್, ನೀರು ತಂಪಾಗಿಸುವ ಚಿಲ್ಲರ್ ಎರಡೂ ಇಲ್ಲದೆ ಮುಂಬೈಯಲ್ಲಿ ಗಿಡದ ಟ್ಯಾಂಕು, ಅಂದರೆ ನೀರೊಳಗೆ ಗಿಡ ಬೆಳೆಸುವ ಅಕ್ವೇರಿಯಂ, ನಿಲ್ಲುವುದಿಲ್ಲ ಎನ್ನುವ ಮಾತನ್ನು ಈ ಹವ್ಯಾಸದವರೆಲ್ಲ ಕೇಳಿರುತ್ತೀರಿ. ಕುರ್ಲಾದ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಿದರೂ ಅದೇ ಉತ್ತರ, ಕ್ರಾಫರ್ಡ್ ಮಾರ್ಕೆಟ್‌ನಲ್ಲೂ ಅದೇ. ಮುಲುಂಡಿನ ನನ್ನ ಎರಡೂವರೆ ಅಡಿಯ ಟ್ಯಾಂಕು ಈ ಎರಡೂ ಇಲ್ಲದೆ ಬೇಸಿಗೆಗಳನ್ನು ದಾಟಿದೆ. ಮೇ ತಿಂಗಳಲ್ಲಿ ನೀರು 31 ಡಿಗ್ರಿ ಮುಟ್ಟಿದರೂ ಕ್ರಿಪ್ಟೊಕೊರಿನ್ ವೆಂಡ್ಟಿಯ ಎಲೆ ಕರಗಲಿಲ್ಲ. ರೋಟಾಲಾ ರೊಟುಂಡಿಫೋಲಿಯಾವನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸಲೇಬೇಕು. ಆಗದು ಎಂದು ತಲೆಯಾಡಿಸಿದವರೇ ಈಗ ಆ ತುಂಡುಗಳನ್ನು ಕೇಳಿ ಒಯ್ಯುತ್ತಾರೆ. ಪುಣೆಯ ಹೊರವಲಯದ ಸೊಸೈಟಿಯೊಂದರಲ್ಲಿ ಇದೇ ಪಾಕದ ಇನ್ನೊಂದು ಟ್ಯಾಂಕನ್ನೂ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಎರಡು ಊರಿನ ನೀರನ್ನೂ ಹೋಲಿಸಿ ಬರೆಯುತ್ತಿದ್ದೇನೆ.

ಮನೆಯ ಟ್ಯಾಂಕಿನಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೆಳಕು ಅತಿಯಾಗಿ. ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ ಲೀಟರ್‌ಗೆ ಅರ್ಧ ಮಿಲಿಗ್ರಾಂನಷ್ಟೇ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಗ್ಯಾಸ್ ಬಿಡುವವರ ಟ್ಯಾಂಕಿನಲ್ಲಿ ಅದು 30ರ ಆಸುಪಾಸು, ಅಂದರೆ ಸುಮಾರು ಅರವತ್ತು ಪಟ್ಟು. ಅವರ ವೀಡಿಯೊ ನೋಡಿ ಅವರದೇ ಲೈಟು ತಂದು ನಮ್ಮ ಟ್ಯಾಂಕಿನ ಮೇಲೆ ತೂಗಿದರೆ ಗಿಡ ಓಡಲು ಹೊರಟು ಉಸಿರು ಕಟ್ಟುತ್ತದೆ. ಉಳಿದ ಬೆಳಕು ಪಾಚಿಯ ಪಾಲು. ಸೆಕೆ ಏರಿದಂತೆ ನೀರಿನಲ್ಲಿ ಗ್ಯಾಸ್ ಕರಗುವುದು ಇನ್ನೂ ಕಡಿಮೆಯಾಗುತ್ತದೆ, ಗಿಡದ ಉಸಿರಾಟದ ಖರ್ಚು ಏರುತ್ತದೆ. ಏಪ್ರಿಲ್‌ನಲ್ಲಿ ಗಿಡ ಕೊಳೆತಾಗ ಇನ್ನೊಂದು ಲೈಟು ತನ್ನಿ ಎನ್ನುವ ಅಂಗಡಿಯ ಸಲಹೆ ಅದಕ್ಕೇ ಪೂರ್ತಿ ತಲೆಕೆಳಗು.

ಕೊರತೆ ಕಾರ್ಬನ್‌ದೋ ಗೊಬ್ಬರದ್ದೋ ಎಂದು ತಿಳಿಯಲು ಟೆಸ್ಟ್ ಕಿಟ್ ಬೇಕಿಲ್ಲ. ಒಂದು ಹಿಡಿ ಸಾಲ್ವಿನಿಯಾ ತೇಲಿಬಿಡಿ. ಅದಕ್ಕೆ ಕಾರ್ಬನ್ ಗಾಳಿಯಿಂದಲೇ ಸಿಗುತ್ತದೆ. ತೇಲುವ ಗಿಡ ಕಡುಹಸಿರಾಗಿದ್ದು ಕೆಳಗಿನದು ಸೊರಗಿದರೆ ಕೊರತೆ ಕಾರ್ಬನ್‌ದು, ಲೈಟು ತಗ್ಗಿಸಿ. ತೇಲುವುದೂ ಹಳದಿಯಾದರೆ ಗೊಬ್ಬರ ಸಾಲದು. ಹೆಚ್ಚಾದ ಸಾಲ್ವಿನಿಯಾ, ಪಿಸ್ಟಿಯಾದಂಥ ತೇಲುಗಿಡಗಳನ್ನು ದಯವಿಟ್ಟು ಕೆರೆಗೆ ಎಸೆಯದೆ ಒಣಗಿಸಿ ಕುಂಡಕ್ಕೆ ಹಾಕಿ. ಪವಾಯಿ ಕೆರೆ ಜಲಕಳೆಯಿಂದ ಪಡುತ್ತಿರುವ ಪಾಡು ಸಾಕು.

ಇನ್ನು ನೀರು. ಪಕ್ಕದ ಬಿಲ್ಡಿಂಗ್‌ನಲ್ಲಿ ಕಾಡಿನಂತೆ ಬೆಳೆದ ವ್ಯಾಲಿಸ್ನೇರಿಯಾ ನಮ್ಮಲ್ಲಿ ಏಕೆ ಕರಗಿತು ಎನ್ನುವ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿದೆ. ಮುಂಬೈಗೆ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಮಳೆನೀರು, ತುಂಬಾ ಮೆದು. ನಮ್ಮಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ನೂರರ ಕೆಳಗೇ ತೋರಿಸುತ್ತದೆ. ಪುಣೆಗೆ ಖಡಕ್‌ವಾಸ್ಲಾದಿಂದ ಬರುವ ನೀರೂ ಮೆದುವೇ. ಆದರೆ ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂತೆಂದರೆ ಅದು ಬೋರ್‌ವೆಲ್ ನೀರು, ಮೀಟರ್ ಐನೂರು ಆರುನೂರಕ್ಕೆ ಹಾರುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಇವು ನೀರಿನ ಬೈಕಾರ್ಬೊನೇಟ್‌ನಿಂದಲೇ ಕಾರ್ಬನ್ ಹೀರಬಲ್ಲವು, ಗಡಸು ನೀರು ಅವಕ್ಕೆ ಹಬ್ಬ. ಪಾಚಿಗಿಡಗಳಿಗೆ, ಅಂದರೆ ಮಾಸ್‌ಗಳಿಗೆ, ಆ ಶಕ್ತಿಯಿಲ್ಲ. ಕಬೊಂಬಾದ್ದೂ ಇದೇ ಕಷ್ಟ. ಟ್ಯಾಂಕರ್ ನೀರಿನ ಮನೆಯವರು ಮೊದಲು ವ್ಯಾಲಿಸ್ನೇರಿಯಾ ಹಚ್ಚಿ, ಪಾಲಿಕೆ ನೀರಿನವರು ರೋಟಾಲಾ, ಕ್ರಿಪ್ಟೊ (ಕ್ರಿಪ್ಟೊಕೊರಿನ್) ಹಿಡಿಯಿರಿ. ಇನ್ನೂರು ಮುನ್ನೂರು ರೂಪಾಯಿಯ ಮೀಟರ್ ಎರಡು ಸಾವಿರದ ಗಿಡ ಉಳಿಸುತ್ತದೆ.

ಮೆದು ನೀರಿಗೂ ಅದರದೇ ರೋಗವಿದೆ. ಹೊಸ ಚಿಗುರು ಮುದುಡಿ ತಿರುಚಿಕೊಂಡು ಬಂದರೆ ಕ್ಯಾಲ್ಸಿಯಂ ಇಲ್ಲವೆಂದೇ ಅರ್ಥ. ನೂರು ಲೀಟರ್‌ಗೆ 3 ಗ್ರಾಂ ಜಿಪ್ಸಮ್ ಹಾಕಿದರೆ ಗಡಸುತನ ಒಂದು ಡಿಗ್ರಿ ಏರುತ್ತದೆ. ನಾನು ಮೂರು ಡಿಗ್ರಿಗೆ ತಂದು ನಿಲ್ಲಿಸುತ್ತೇನೆ, ಜೊತೆಗೆ ಅದರ ಮೂರನೇ ಒಂದು ಪಾಲು ಎಪ್ಸಮ್ ಉಪ್ಪು. ಜಿಪ್ಸಮ್ ಬೇಗ ಕರಗದು, ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಸುರಿಯಬೇಕು. ಮಳೆಗಾಲದಲ್ಲಿ ನಲ್ಲಿ ನೀರಿನ ಕ್ಲೋರಿನ್ ವಾಸನೆ ಗಾಢವಾದಾಗ ಕ್ಲೋರಿನ್ ಕಳೆಯುವ ಥಯೋಸಲ್ಫೇಟ್ ಹರಳು ಒಂದೆರಡು ಹೆಚ್ಚು ಹಾಕಿ.

ಈ ಪಾಕದ ಜೀವ ಇರುವುದು ಮಣ್ಣಿನಲ್ಲಿ. ಕೆಳಗಿನ ಮಣ್ಣು ನಿಧಾನವಾಗಿ ಕೊಳೆಯುತ್ತ ಬಿಡುವ ಕಾರ್ಬನ್ ಡೈಆಕ್ಸೈಡೇ ನಮ್ಮ ಸಿಲಿಂಡರ್. ನರ್ಸರಿಯ ಲಾಲ್ ಮಿಟ್ಟಿ ಎರಡು ಪಾಲು, ಹಳೆಯ ಎರೆಗೊಬ್ಬರ ಒಂದು ಪಾಲು. ಜರಡಿ ಹಿಡಿದು, ಎರಡು ದಿನ ನೀರಲ್ಲಿ ನೆನೆಸಿ, ಮೇಲಿನ ನೀರು ಚೆಲ್ಲಿ, ಬಿಸಿಲಿಗೆ ಹರಡಿ, ಪುಡಿಮಾಡಿ ಮತ್ತೆ ನೆನೆಸಬೇಕು. ಹೀಗೆ ನಾಲ್ಕೈದು ಸುತ್ತು. ಅಮೋನಿಯಾ ಹೋಗುವುದು ಈ ನೆನೆಸಿ ಒಣಗಿಸುವುದರಲ್ಲೇ. ಇದನ್ನು ಬಿಟ್ಟು ನೇರ ಸುರಿದರೆ ಮೊದಲ ತಿಂಗಳು ಮೀನು ಸಾಯುತ್ತವೆ, ನೀರು ಹಸಿರಾಗುತ್ತದೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಒಂದು ಸುತ್ತು ಎರಡೇ ದಿನಕ್ಕೆ ಮುಗಿಯುತ್ತದೆ, ಮುಂಬೈಯಲ್ಲಿ ಅದರ ದುಪ್ಪಟ್ಟು. ಕೊನೆಗೆ ಹತ್ತರಲ್ಲೊಂದು ಪಾಲು ಜೇಡಿ, ಒಂದು ಹಿಡಿ ಡಾಲಮೈಟ್ ಪುಡಿ.

ಜೇಡಿಯ ಬದಲು ಮುರಕಲ್ಲಿನ ಪುಡಿ ಬಳಸಿ ನೋಡಿದ್ದೇನೆ. ಕೊಂಕಣದವರು ಜಾಂಭಾ ಎನ್ನುವ ಅದೇ ಕೆಂಪು ಕಲ್ಲು. ಕಬ್ಬಿಣ ಅದರಲ್ಲಿ ತುಂಬಿದೆ. ಕ್ರಿಪ್ಟೊ ಬೇರಿಗೆ ಇದಕ್ಕಿಂತ ಒಳ್ಳೆಯದು ಕಾಣಲಿಲ್ಲ. ಗಣಪತಿ ಮಾಡುವ ಶಾಡು ಮಣ್ಣನ್ನೂ ಪರೀಕ್ಷಿಸಿದೆ. ಅಂಟು ಚೆನ್ನಾಗಿದೆ, ಆದರೆ ಗಿಡ ಕದಲಿಸಿದಾಗೆಲ್ಲ ನೀರು ಹಾಲಿನ ಬಣ್ಣ. ಮಣ್ಣಿಗೆ ಇನ್ನೊಂದು ವಸ್ತುವನ್ನೂ ಚಿಟಿಕೆಯಷ್ಟು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದಿಲ್ಲದೆಯೂ ಟ್ಯಾಂಕು ನಿಲ್ಲುತ್ತದೆ.

ಮಣ್ಣು ಒಂದು ಇಂಚು ಸಾಕು, ನನ್ನ ಟ್ಯಾಂಕಿಗೆ ಆರು ಕಿಲೋ ಹಿಡಿಯಿತು. ಮೇಲೆ ಒಂದೂವರೆ ಇಂಚು ಮರಳು, ಹದಿನಾಲ್ಕು ಕಿಲೋದಷ್ಟು. ಕಾಳು 1ರಿಂದ 2 ಮಿಲಿಮೀಟರ್ ಇರಲಿ. ಹಿಟ್ಟಿನಂಥ ಮರಳು ಹಾಕಿದರೆ ಕೆಳಗೆ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಬೇರು ಕಪ್ಪಾಗುತ್ತದೆ. ಸಮುದ್ರದ ಮರಳು ಬೇಡ. ಸಂಶಯವಿದ್ದರೆ ಒಂದು ಚಮಚ ಮರಳಿಗೆ ನಿಂಬೆರಸ ಹಿಂಡಿ, ಗುಳ್ಳೆ ಎದ್ದರೆ ಅದರಲ್ಲಿ ಚಿಪ್ಪಿನ ಚೂರಿದೆ.

ನೆಡುವಾಗ ಮುಕ್ಕಾಲು ಪಾಲು ಗಿಡ ಹಾಳಾಗುವುದು ಒಂದೇ ಕಾರಣಕ್ಕೆ. ಕುಂಡದಲ್ಲಿ ಬರುವ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಮೇಲೆ, ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆ ನೀರೊಳಗೆ ಬದುಕುವುದಿಲ್ಲ, ಎರಡು ಮೂರು ವಾರದಲ್ಲಿ ಕರಗುತ್ತದೆ. ಗಿಡ ಸತ್ತಿತೆಂದು ಕಿತ್ತು ಎಸೆಯುವವರೇ ಹೆಚ್ಚು, ಬೇರು ಜೀವಂತವಾಗಿರುತ್ತದೆ. ಕ್ರಿಪ್ಟೊಗಳ ಎಲೆಯನ್ನು ನಾನು ನೆಡುವ ಮೊದಲೇ ಒಂದಿಂಚು ಬಿಟ್ಟು ಕತ್ತರಿಸಿಬಿಡುತ್ತೇನೆ. ಕೊಳೆತು ಅಮೋನಿಯಾ ಆಗುವುದೂ ತಪ್ಪುತ್ತದೆ, ಚಿಗುರೂ ಬೇಗ. ಕಾಂಡದ ಗಿಡಗಳಲ್ಲಿ ತುದಿಯಿಂದ ನೀರಿನ ಎಲೆ ನಾಲ್ಕಿಂಚು ಬಂದ ಮೇಲೆ ಆ ತುದಿಯನ್ನಷ್ಟೇ ಕತ್ತರಿಸಿ ನೆಟ್ಟು, ಹಳೆಯ ಬುಡ ಕಿತ್ತುಹಾಕಿ. ಅನೂಬಿಯಾಸ್, ಜಾವಾ ಫರ್ನ್, ಬುಸೆಫಲಾಂಡ್ರಾ ಗೆಡ್ಡೆಯನ್ನು ಹೂಳಬಾರದೆಂದು ಎಲ್ಲರಿಗೂ ಗೊತ್ತು. ಆದರೂ ಕೊಳೆಯುವುದೇಕೆಂದರೆ ಕೊರಿಯರ್ ಡಬ್ಬದ ಸೆಕೆಯಲ್ಲಿ ಆಗಲೇ ಪೆಟ್ಟು ತಿಂದಿರುತ್ತವೆ. ಬಂದ ತಕ್ಷಣ ಗೆಡ್ಡೆ ಒತ್ತಿ ನೋಡಿ. ಮೆತ್ತಗಿದ್ದು ವಾಸನೆ ಬಂದರೆ ಗಟ್ಟಿ ಭಾಗ ಸಿಗುವವರೆಗೆ ಬ್ಲೇಡಿನಿಂದ ತೆಗೆಯಿರಿ, ಇಲ್ಲವಾದರೆ ಪಕ್ಕದ್ದಕ್ಕೂ ಹಬ್ಬುತ್ತದೆ.

ಮೊದಲ ದಿನವೇ ನೆಲದ ಮುಕ್ಕಾಲು ಭಾಗ ಮುಚ್ಚುವಷ್ಟು ಗಿಡ ಹಾಕಿ. ಎರಡು ಕಟ್ಟು ತಂದು ನೋಡೋಣ ಎನ್ನುವ ಟ್ಯಾಂಕು ಪಾಚಿಗೇ ಸಿಗುತ್ತದೆ. ಹೈಗ್ರೊಫಿಲಾ, ಹಾರ್ನ್‌ವರ್ಟ್‌ನಂಥ ಅಗ್ಗದ, ಚುರುಕಿನ ಗಿಡ ತುಂಬಿಸಿ, ನಿಧಾನದವು ನೆಲೆಯೂರಿದ ಮೇಲೆ ತೆಗೆಯಿರಿ.

ಲೈಟು: ಎರಡಡಿಯ 10 ವಾಟ್ ಎಲ್‌ಇಡಿ ಬ್ಯಾಟನ್ ಎರಡು, 6500ಕೆ, ನೀರಿನಿಂದ ಅರ್ಧ ಅಡಿ ಮೇಲೆ. ನೀರು 65-70 ಲೀಟರ್. ಟೈಮರ್‌ನಲ್ಲಿ ನಾಲ್ಕು ಗಂಟೆ ಬೆಳಕು, ನಾಲ್ಕು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಎಲ್ಲರೂ ಹೆಚ್ಚು ಅನುಮಾನಪಟ್ಟದ್ದು ಈ ಬಿಡುವಿನ ಬಗ್ಗೆ. ಕರಗಿದ ಗ್ಯಾಸ್ ಕಡಿಮೆಯಾದಷ್ಟೂ ನೀರಿನ ಪಿಎಚ್ ಏರುತ್ತದೆ, ಅದನ್ನು ಅಳೆದರೆ ವಿಷಯ ಸ್ಪಷ್ಟ. ಬೆಳಿಗ್ಗೆ 6.8 ಇದ್ದದ್ದು ನಾಲ್ಕು ಗಂಟೆಯಲ್ಲಿ 7.5ರ ಹತ್ತಿರ ಏರುತ್ತದೆ, ಅಂದರೆ ಗಿಡ ಗ್ಯಾಸ್ ತಿಂದು ಮುಗಿಸಿದೆ. ಬಿಡುವಿನಲ್ಲಿ ಮಣ್ಣು ಮತ್ತೆ ತುಂಬಿಸಿ 7ಕ್ಕೆ ಇಳಿಸುತ್ತದೆ. ಎಂಟು ಗಂಟೆ ಒಂದೇ ಸಮನೆ ಉರಿಸಿದರೆ ಎರಡನೇ ಅರ್ಧ ಪಾಚಿಗೆ ಮೀಸಲು. ಫಿಲ್ಟರ್ ಬಾಯಿಯನ್ನು ನೀರಿನೊಳಗೇ ಇಡಿ, ಮೇಲ್ಮೈ ಕಲಕಿದಷ್ಟೂ ಮಣ್ಣಿನ ಗ್ಯಾಸ್ ಹಾರಿಹೋಗುತ್ತದೆ. ಮೇ ತಿಂಗಳಲ್ಲಿ ಮಾತ್ರ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಏರ್‌ಸ್ಟೋನ್ ಓಡಿಸುತ್ತೇನೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಮೀನು ಬಾಯಿ ಬಿಡುವುದು ನಸುಕಿನಲ್ಲೇ.

ಫ್ಯಾನಿನ ಲೆಕ್ಕ ಎರಡು ಊರಿಗೆ ಬೇರೆ. 12 ವೋಲ್ಟ್‌ನ ಕಂಪ್ಯೂಟರ್ ಫ್ಯಾನ್ ಎರಡನ್ನು ನೀರಿನ ಮೇಲೆ ಓರೆಯಾಗಿ ಊದಿಸಿದರೆ ಪುಣೆಯ ಒಣ ಗಾಳಿಗೆ ನೀರು ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಮುಂಬೈ ಗಾಳಿಯಲ್ಲೇ ತೇವವಿದೆ, ಒಂದೂವರೆ ಎರಡು ಡಿಗ್ರಿ ಇಳಿದರೆ ಹೆಚ್ಚು. ದಿನಕ್ಕೆ ಲೀಟರ್ ಮೇಲೆ ಆವಿಯಾಗುವ ನೀರಿಗೆ ಟ್ಯಾಂಕರ್ ನೀರು ತುಂಬಿಸುತ್ತ ಹೋದರೆ ಲವಣ ಕಟ್ಟಿಕೊಳ್ಳುತ್ತದೆ, ಅಡುಗೆಮನೆಯ ಆರ್‌ಒ ನೀರೇ ಸರಿ.

ಗೊಬ್ಬರಕ್ಕೆ ಚೆಂದದ ಬಾಟಲಿ ಕೊಳ್ಳಬೇಡಿ. ಕೃಷಿ ಅಂಗಡಿಯ ಚೀಲದ ಮೇಲೆ 13-0-45 ಎಂದಿದ್ದರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಎಂದಿದ್ದರೆ ಪೊಟ್ಯಾಸಿಯಂ ಫಾಸ್ಫೇಟ್. ಅರ್ಧ ಲೀಟರ್ ನೀರಿಗೆ ಮೊದಲನೆಯದು 30 ಗ್ರಾಂ, ಎರಡನೆಯದು ಮೂರೂವರೆ ಗ್ರಾಂ. ವಾರಕ್ಕೊಮ್ಮೆ 10 ಮಿಲಿ ಹಾಕಿದರೆ 70 ಲೀಟರ್‌ಗೆ ನೈಟ್ರೇಟ್ ಸುಮಾರು 5 ಪಿಪಿಎಂ (ಲೀಟರ್‌ಗೆ 5 ಮಿಲಿಗ್ರಾಂ) ಸೇರುತ್ತದೆ. ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಡಿಟಿಪಿಎ ಕೀಲೇಟ್ ಬೇರೆ ಬಾಟಲಿಯಲ್ಲಿ, ಬೇರೆ ದಿನ. ಒಟ್ಟಿಗೆ ಬೆರೆಸಿದರೆ ಫಾಸ್ಫೇಟ್ ಅದನ್ನು ತಳಕ್ಕಿಳಿಸುತ್ತದೆ. ಇಡಿಟಿಎ ಕಬ್ಬಿಣ ಪಿಎಚ್ 6.5 ದಾಟಿದರೆ ಹೆಚ್ಚು ಹೊತ್ತು ನಿಲ್ಲದು. 19-19-19 ತಪ್ಪಿಯೂ ಬೇಡ, ಅದರಲ್ಲಿ ಯೂರಿಯಾ, ಅಮೋನಿಯಂ ಇದೆ. ಎಲೆಗೆ ಸಿಂಪಡಿಸುವ ಮೈಕ್ರೋನ್ಯೂಟ್ರಿಯೆಂಟ್ ಮಿಶ್ರಣದ ತಾಮ್ರ ಸಿಗಡಿಯನ್ನು ಕೊಲ್ಲುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಗಾಜು 1,800, ಲೈಟು ಮತ್ತು ಟೈಮರ್ 900, ಫಿಲ್ಟರ್ 700, ಮಣ್ಣು ಮರಳು 300, ಗೊಬ್ಬರ 600, ಗಿಡ 1,500. ಆರು ಸಾವಿರದೊಳಗೆ ಮುಗಿಯಿತು, ಗೊಬ್ಬರ ವರ್ಷಗಟ್ಟಲೆ ಬರುತ್ತದೆ. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್ ಎಂದು ಹೊರಟರೆ ಹತ್ತು ಹನ್ನೆರಡು ಸಾವಿರ, ಚಿಲ್ಲರ್‌ಗೆ ಅದರ ದುಪ್ಪಟ್ಟು, ಜಪಾನಿನ ಅಕ್ವಾಸಾಯಿಲ್ ಚೀಲಕ್ಕೆ ನಾಲ್ಕೈದು ಸಾವಿರ ಬೇರೆ.

ಸಿಟ್ರಿಕ್ ಆ್ಯಸಿಡ್ ಮತ್ತು ಅಡುಗೆ ಸೋಡಾ ತಲಾ 200 ಗ್ರಾಂ ಹಾಕಿ ಎರಡು ಲೀಟರ್ ಬಾಟಲಿಯಲ್ಲಿ ಗ್ಯಾಸ್ ಮಾಡುವ ಪ್ರಯೋಗವೂ ನಡೆಯಿತು. ರೋಟಾಲಾ ಕೆಂಪಾಯಿತು, ನಿಜ. ಆದರೆ ಮೂರು ವಾರಕ್ಕೆ ಒತ್ತಡ ಇಳಿದು, ಗ್ಯಾಸ್ ಒಂದು ದಿನ ಹೆಚ್ಚು ಒಂದು ದಿನ ಕಡಿಮೆಯಾದ ಕೂಡಲೇ ಅನೂಬಿಯಾಸ್ ಅಂಚಿಗೆ ಕಪ್ಪು ಗಡ್ಡದ ಪಾಚಿ ಹತ್ತಿತು. ಸ್ಥಿರವಾದ ಕಡಿಮೆ ಗ್ಯಾಸ್ ಏರಿಳಿಯುವ ಹೆಚ್ಚು ಗ್ಯಾಸ್‌ಗಿಂತ ಮೇಲು. ಗ್ಯಾಸ್ ಇಲ್ಲದೆಯೇ ರೋಟಾಲಾ ತುದಿ ಕೆಂಪಾಗಿಸುವ ದಾರಿ ಸಿಕ್ಕಿದೆ, ಇನ್ನೊಂದು ಬೇಸಿಗೆ ದಾಟಲಿ, ಆಮೇಲೆ ಹೇಳುತ್ತೇನೆ.

ಲಾಭ ತಂದ ಪ್ರಯೋಗ ಬಾಲ್ಕನಿಯಲ್ಲಿ ಗಿಡಗಳನ್ನು ನೀರಿನ ಮೇಲೆ ಬೆಳೆಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಗಾಳಿಯ ತೇವಕ್ಕೆ ಮುಚ್ಚಳವೂ ಬೇಡ. ಅಗಲ ಟ್ರೇಯಲ್ಲಿ ಅದೇ ಮಣ್ಣು, ಒಂದು ಬೆರಳು ನೀರು, ನೇರ ಬಿಸಿಲು ಬೀಳದ ಮೂಲೆ. ಕ್ರಿಪ್ಟೊ, ಅನೂಬಿಯಾಸ್ ನೀರೊಳಗಿಗಿಂತ ಎರಡು ಮೂರು ಪಟ್ಟು ಬೇಗ ಮರಿ ಹಾಕುತ್ತವೆ. ಒಂದು ಮಳೆಗಾಲದ ಮರಿಗಳನ್ನು ಮಾರಿದ್ದರಲ್ಲಿ ಟ್ಯಾಂಕಿನ ಅರ್ಧ ಖರ್ಚು ವಾಪಸ್ಸಾಯಿತು. ಅಕ್ಟೋಬರ್ ಸೆಕೆ ಶುರುವಾಗುವ ಮೊದಲು ಟ್ರೇ ಒಳಗೆ ತನ್ನಿ, ಇಲ್ಲವಾದರೆ ಎರಡೇ ದಿನದಲ್ಲಿ ಎಲೆ ಸುಟ್ಟುಹೋಗುತ್ತದೆ.

ನೆಲಕ್ಕೆ ಹಾಸಿನಂತೆ ಹಬ್ಬುವ ಕ್ಯೂಬಾ, ಗ್ಲಾಸೊಸ್ಟಿಗ್ಮಾ ಎನ್ನುವ ಪುಟ್ಟ ಗಿಡಗಳು ಈ ಪಾಕಕ್ಕೆ ಒಲಿಯಲಿಲ್ಲ. ಮುನ್ನೂರು ರೂಪಾಯಿಯ ಟಿಶ್ಯೂ ಕಲ್ಚರ್ ಕಪ್ ಜನವರಿಯಲ್ಲಿ ಹಬ್ಬುವಂತೆ ಕಂಡು ಮಾರ್ಚ್‌ಗೆ ಹಳದಿಯಾಗಿ ತೇಲುತ್ತದೆ. ಹಾಸು ಬೇಕೆನ್ನುವವರು ಕುಳ್ಳ ಸ್ಯಾಜಿಟೇರಿಯಾ ಹಾಕಿ, ಒಂದು ಬುಡ ನಾಲ್ಕು ತಿಂಗಳಲ್ಲಿ ಒಂದು ಅಂಗೈ ಅಗಲ ನೆಲ ಹಿಡಿಯುತ್ತದೆ. ಕೊರಿಯರ್‌ನಲ್ಲಿ ಗಿಡ ತರಿಸುವುದಾದರೆ ಜುಲೈನಿಂದ ಫೆಬ್ರವರಿಯೊಳಗೆ, ಸೋಮವಾರ ರವಾನೆಯಾಗುವಂತೆ ಹೇಳಿ. ಶುಕ್ರವಾರ ಹೊರಟ ಡಬ್ಬ ಭಾನುವಾರವೆಲ್ಲ ಗೋದಾಮಿನಲ್ಲೇ ಕೂರುತ್ತದೆ.