ರೇಷ್ಮೆ ನೆನೆಯಬಾರದು, ರಮ್ ಕುಲುಕಬಾರದು

ರಜೆಗೆ ಬಂದಿದ್ದ ಅಕ್ಕನ ಮಗ ‘ಸೀ ಆಫ್ ಥೀವ್ಸ್’ ಎಂಬ ಕಡಲ್ಗಳ್ಳರ ವಿಡಿಯೊ ಆಟದಲ್ಲಿ ವ್ಯಾಪಾರಕ್ಕೆ ಇಳಿದ. ರೇಷ್ಮೆ, ರಮ್, ಗಿಡಗಳ ಪೆಟ್ಟಿಗೆ ಹೇರಿಕೊಂಡು ಅರ್ಧ ಗಂಟೆ ಸಮುದ್ರ ಸುತ್ತಿ, ಬಂದರು ಕಂಡ ಖುಷಿಗೆ ರಮ್ ಪೆಟ್ಟಿಗೆ ಹಿಡಿದುಕೊಂಡೇ ಹಡಗಿನ ಮೇಲಿಂದ ದಕ್ಕೆಗೆ ಧುಮುಕಿದ. ಬಾಟಲಿಗಳು ಚೂರು. ರೇಷ್ಮೆ ಅಷ್ಟರಲ್ಲಾಗಲೇ ಡೆಕ್ಕಿನ ಮೇಲೆ ಮಳೆಯಲ್ಲಿ ನೆನೆದು ಮುದ್ದೆ. ಗಿಡಗಳು ಒಣಗಿ ಪೊರಕೆ ಕಡ್ಡಿ. “ಮಾವ, ಈ ಆಟದಲ್ಲಿ ವ್ಯಾಪಾರಕ್ಕಿಂತ ದರೋಡೆನೇ ವಾಸಿ” ಅಂದ. ಇವನೊಬ್ಬನೇ ಅಲ್ಲ, ನನ್ನ ಜೊತೆ ಆಡುವ ನಾಲ್ಕೈದು ಮಂದಿಯೂ ಇದೇ ಮಾತು ಹೇಳಿದವರು. ಎಲ್ಲರೂ ಮುಗ್ಗರಿಸಿದ್ದು ಒಂದೇ ಕಡೆ: ಕೊಳ್ಳುವಾಗ ಅಲ್ಲ, ಸಾಗಿಸುವಾಗ.

ಗೊತ್ತಿಲ್ಲದವರಿಗೆ ಒಂದು ಮಾತು. ಬ್ರಿಟನ್ನಿನ ರೇರ್ ಕಂಪನಿ 2018ರ ಮಾರ್ಚಿನಲ್ಲಿ ಬಿಟ್ಟ ಆಟ ಇದು. ಸಮುದ್ರದ ಮೇಲಿರುವ ಬೇರೆ ಹಡಗುಗಳಲ್ಲಿ ನಿಮ್ಮಂಥ ನಿಜವಾದ ಆಟಗಾರರೂ ಇರುತ್ತಾರೆ. ಇಲ್ಲಿ ಗಳಿಸಿದ ಚಿನ್ನದಿಂದ ಹೆಚ್ಚು ಬಲದ ಫಿರಂಗಿ ಸಿಗುವುದಿಲ್ಲ. ಬಟ್ಟೆ, ಹಾಯಿ, ಹಡಗಿನ ಬಣ್ಣ ಇಂಥ ಅಲಂಕಾರಗಳೇ ಹೆಚ್ಚಾಗಿ ಸಿಗುವುದು. ಹಾಗಾಗಿ ಹೊಸಬರೂ ಮೊದಲ ದಿನದಿಂದಲೇ ವ್ಯಾಪಾರ ಶುರುಮಾಡಬಹುದು.

ಹೆಜ್ಜೆ 1: ಹಡಗು. ಒಬ್ಬರೋ ಇಬ್ಬರೋ ಇದ್ದರೆ ಸ್ಲೂಪ್ ಎಂಬ ಚಿಕ್ಕ ಹಡಗು. ಬೇರೆ ಯೋಚನೆಯೇ ಬೇಡ. ನಾಲ್ಕು ಜನರ ಗ್ಯಾಲಿಯನ್ ನೋಡಲು ಗತ್ತಾಗಿರುತ್ತದೆ, ಆದರೆ ಇಬ್ಬರು ಅದರ ಹಾಯಿ ಎಳೆಯುವುದರಲ್ಲೇ ಸುಸ್ತು.

ಹೆಜ್ಜೆ 2: ಸರಕು ಕೊಳ್ಳುವುದು. ಪ್ರತಿ ಬಂದರಿನ ದಕ್ಕೆಯ ಮೇಲೆ ಆಟದೊಳಗಿನ ವರ್ತಕರ ಸಂಘವಾದ ಮರ್ಚೆಂಟ್ ಅಲಯನ್ಸ್‌ನ ಪ್ರತಿನಿಧಿ ನಿಂತಿರುತ್ತಾರೆ. ಆ ಬಂದರಿನಲ್ಲಿ ಹೆಚ್ಚಾಗಿರುವ ಸರಕನ್ನು ಅಗ್ಗದಲ್ಲಿ ಕೊಡುತ್ತಾರೆ. ಅದು ಯಾವ ಬಂದರಿಗೆ ಬೇಕಾಗಿದೆ ಎಂಬುದು ಅಲ್ಲೇ ಇಟ್ಟಿರುವ ಪುಸ್ತಕದಲ್ಲಿದೆ. ಪುಸ್ತಕ ತೆರೆಯದೆ ಕೊಂಡವನನ್ನು ನೋಡಿದ್ದೇನೆ, ಸಿಕ್ಕ ಬಂದರಿನಲ್ಲಿ ಮಾರಿ ಅಸಲಿಗೇ ಪರದಾಡಿದ. ನಾನಂತೂ ಕೊಳ್ಳುವ ಬಂದರು, ಮಾರುವ ಬಂದರು ಎರಡೂ ನಕ್ಷೆಯ ಒಂದೇ ಮೂಲೆಯಲ್ಲಿದ್ದರೆ ಮಾತ್ರ ದುಡ್ಡು ಬಿಚ್ಚುವವನು. ಹಣ ಮೊದಲೇ ಕೊಟ್ಟಿರುತ್ತೇವೆ. ನಡುವೆ ಯಾರಾದರೂ ಮುಳುಗಿಸಿದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಕೈಯಲ್ಲಿ ಬಂಡವಾಳ ಇಲ್ಲದವರು ಬೇರೆಯವರ ಸರಕು ತಲುಪಿಸಿ ಕೂಲಿ ಪಡೆಯುವ ಕೆಲಸದಿಂದ ಶುರುಮಾಡಲಿ. ರೇಷ್ಮೆ (ಆಟದಲ್ಲಿ ಅದರ ಹೆಸರು ‘ಕ್ಲಾತ್’, ಅಂದರೆ ಬಟ್ಟೆ), ರಮ್, ಗಿಡಗಳ ರಗಳೆ ಅಲ್ಲೇ ಇರುವುದು.

ಹೆಜ್ಜೆ 3: ಸಾಗಣೆ. ಇಲ್ಲಿ ನಿಧಾನವಾಗಿ ಓದಿ.

ರೇಷ್ಮೆಗೆ ನೀರು ಶತ್ರು. ಈಜಿದರೆ ನೆನೆಯುತ್ತದೆ, ಮಳೆಗೆ ನೆನೆಯುತ್ತದೆ, ಹಡಗಿಗೆ ತೂತು ಬಿದ್ದು ಒಳಗೆ ನೀರು ಬಂದರೂ ನೆನೆಯುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಮಳೆಗೆ ಹೆದರಿ ಅದನ್ನು ಸ್ಲೂಪಿನ ತೀರಾ ಕೆಳಗೆ ಇಡುವುದು. ತೂತು ಬಿದ್ದಾಗ ನೀರು ಮೊದಲು ತುಂಬುವುದೇ ಅಲ್ಲಿ! ನಕ್ಷೆಯ ಮೇಜಿರುವ ನಡು ಅಂತಸ್ತಿನಲ್ಲಿ ಇಡಿ. ತಲೆ ಮೇಲೆ ಸೂರಿರುತ್ತದೆ, ಕೆಳಗಿನ ನೀರು ಅಲ್ಲಿಗೆ ಏರುವಷ್ಟರಲ್ಲಿ ನೀವು ತೂತಿಗೆ ಹಲಗೆ ಬಡಿದಿರುತ್ತೀರಿ.

ಗಿಡ ಇದಕ್ಕೆ ಉಲ್ಟಾ. ಆಗಾಗ ನೀರು ಕುಡಿಸದಿದ್ದರೆ ಒಣಗುತ್ತದೆ. ಬಕೆಟಿನಲ್ಲಿ ನೀರು ಮೊಗೆದು ಎರಚಬೇಕು. ಅದಕ್ಕೇ ಗಿಡವನ್ನು ರೇಷ್ಮೆಯ ಪಕ್ಕ ಇಡಬಾರದು. ಇಷ್ಟು ಹೇಳಿದ ಮೇಲೂ ನನ್ನ ಅಳಿಯ ಎರಡನ್ನೂ ಅಕ್ಕಪಕ್ಕ ಜೋಡಿಸಿ ಒಂದೇ ಬಕೆಟಿನಲ್ಲಿ ಅಭಿಷೇಕ ಮಾಡಿದ. ಗಿಡ ತೆರೆದ ಡೆಕ್ಕಿನ ಮೇಲಿರಲಿ. ಚುಕ್ಕಾಣಿ ಹಿಡಿದವನ ಕಣ್ಣಿಗೆ ಬೀಳುತ್ತಿದ್ದರೆ ಮರೆಯುವುದಿಲ್ಲ.

ರಮ್ ಬಾಟಲಿಗಳು ಪೆಟ್ಟು ತಡೆಯುವುದಿಲ್ಲ. ಎತ್ತಿಕೊಂಡು ಧುಮುಕಬೇಡಿ, ಎತ್ತರದಿಂದ ಬೀಳಬೇಡಿ, ಹಡಗನ್ನು ಬಂಡೆಗೆ ಗುದ್ದಬೇಡಿ. ಹಾರ್ಪೂನ್ (ಹಗ್ಗ ಕಟ್ಟಿದ ಈಟಿ) ಹೊಡೆದು ಪೆಟ್ಟಿಗೆಯನ್ನು ದಕ್ಕೆಯಿಂದ ಹಡಗಿಗೆ ಎಳೆದುಕೊಳ್ಳುವ ಚುಟುಕು ದಾರಿಯೊಂದಿದೆ. ಬೇರೆ ಸರಕಿಗೆ ಸೊಗಸಾದ ಉಪಾಯ. ರಮ್ ಮತ್ತು ರೇಷ್ಮೆಗೆ ಮಾತ್ರ ನಾನು ಅದನ್ನು ಮುಟ್ಟುವುದಿಲ್ಲ.

ನಿಜವಾದ ಪರೀಕ್ಷೆ ಹಡಗು ನಿಲ್ಲಿಸುವಾಗ. ಪೂರ್ತಿ ಹಾಯಿ ಬಿಟ್ಟುಕೊಂಡು ಬಂದು ಕೊನೇ ಗಳಿಗೆಯಲ್ಲಿ ಲಂಗರು ಇಳಿಸುವ ಶೋಕಿ ಬೇಡ. ಅಳತೆ ತಪ್ಪಿದರೆ ದಕ್ಕೆಯಿಂದ ದೂರ ನಿಲ್ಲುತ್ತೀರಿ, ಆಗ ಈಜಲೇಬೇಕು, ರೇಷ್ಮೆ ಹೋಯಿತು. ಇಲ್ಲವೇ ಗುದ್ದುತ್ತೀರಿ, ರಮ್ ಹೋಯಿತು. ದಕ್ಕೆ ಇನ್ನೂ ಎರಡು ಹಡಗಿನುದ್ದ ದೂರ ಇರುವಾಗಲೇ ಹಾಯಿಯನ್ನು ಪೂರ್ತಿ ಎತ್ತಿಬಿಡಿ. ಹಡಗು ತನ್ನ ಪಾಡಿಗೆ ತೇಲಿಕೊಂಡು ಬರಲಿ. ದಕ್ಕೆಗೆ ಸಮಾನಾಂತರವಾಗಿ ತಿರುಗಿಸಿ. ವೇಗ ಸಾಲದಿದ್ದರೆ ಹಾಯಿಯನ್ನು ಒಂದು ಗೇಣು ಇಳಿಸಿ, ಮತ್ತೆ ಎತ್ತಿ. ಹಡಗಿನ ಅಂಚು ದಕ್ಕೆಗೆ ತಾಗಿಯೂ ತಾಗದಂತೆ ನಿಲ್ಲಬೇಕು. ಮೊದಲು ಹತ್ತು ಸಲ ಖಾಲಿ ಹಡಗಿನಲ್ಲಿ ಇದನ್ನೇ ಅಭ್ಯಾಸ ಮಾಡಿ. ಅದಕ್ಕೆ ‘ಸೇಫರ್ ಸೀಸ್’ ಎಂಬ ಪ್ರತ್ಯೇಕ ಆಡುವ ಬಗೆ ಇದೆ. ಅಲ್ಲಿ ಬೇರೆಯವರ ಕಾಟವಿಲ್ಲ. ಆದರೆ ಚಿನ್ನ ಶೇ 30ರಷ್ಟೇ ಸಿಗುವುದರಿಂದ ಅಲ್ಲೇ ಬೇರೂರಬೇಡಿ.

ಕೂಲಿಗೆ ತಲುಪಿಸುವ ಸರಕಿನ ಗಡುವಿನ ಲೆಕ್ಕದಲ್ಲೂ ಜನ ಎಡವುತ್ತಾರೆ. ನಮ್ಮ ಒಂದು ನಿಮಿಷ ಆಟದಲ್ಲಿ ಒಂದು ಗಂಟೆ. ಅಲ್ಲಿನ ಇಡೀ ದಿನ ನಮ್ಮ 24 ನಿಮಿಷ. ‘ನಾಳೆಯೊಳಗೆ ತಲುಪಿಸಿ’ ಎಂದಿದ್ದರೆ ಊಟಕ್ಕೆ ಏಳುವ ಹಾಗಿಲ್ಲ. ಗಡಿಯಾರ ತೆಗೆದು ನೋಡಿಯೇ ಹೊರಡಿ.

ಹೆಜ್ಜೆ 4: ಪ್ರಾಣಿಗಳು. ಇವನ್ನು ತಲುಪಿಸುವ ಕೆಲಸವೂ ಇದೆ. ಹಂದಿಗೆ ಬಾಳೆಹಣ್ಣು ತಿನ್ನಿಸಿ, ಹಾವು ಬುಸುಗುಟ್ಟಿದರೆ ವಾದ್ಯ ನುಡಿಸಿ, ಕೋಳಿ ತಂಟೆ ಮಾಡುವುದಿಲ್ಲ.

ಹೆಜ್ಜೆ 5: ಬಾವುಟ. ಮರ್ಚೆಂಟ್ ಅಲಯನ್ಸ್‌ನಲ್ಲಿ ಸ್ವಲ್ಪ ಹೆಸರು ಮಾಡಿದ ಮೇಲೆ ಅವರ ದೂತ ಎಂಬ ಬಾವುಟ ಏರಿಸಬಹುದು. ಐದನೇ ದರ್ಜೆ ಮುಟ್ಟಿದರೆ ಮಾರಿದ್ದಕ್ಕೆ ಎರಡೂವರೆ ಪಟ್ಟು. ಅದಕ್ಕೇ ದರ್ಜೆ ಏರುವವರೆಗೆ ಬೆಲೆಬಾಳುವ ಸರಕನ್ನು ಮಾರಲು ಆತುರಪಡಬೇಡಿ. ಹಾಗಂತ ಗುಡ್ಡೆ ಹಾಕಿಕೊಂಡು ಕೂರಲೂಬೇಡಿ. ಬೇರೆ ಹಡಗು ದೋಚುವ ರೀಪರ್ಸ್ ಬೋನ್ಸ್ ಪಂಗಡದವರು ಐದನೇ ದರ್ಜೆಗೆ ಬಂದರೆ ಬಾವುಟ ಏರಿಸಿದ ಹಡಗುಗಳೆಲ್ಲ ಅವರ ನಕ್ಷೆಯಲ್ಲಿ ಕಾಣುತ್ತವೆ. ನಿಮ್ಮ ಬಾವುಟಕ್ಕೂ ಅವರಲ್ಲಿ ಬೆಲೆಯಿದೆ.

ಅವರು ಬೆನ್ನು ಹತ್ತಿದರೆ ಕಾದಾಡಲು ನಿಲ್ಲಬೇಡಿ, ನೀವು ವ್ಯಾಪಾರಿ. ಬೆನ್ನು ಹತ್ತಿದ್ದು ದೊಡ್ಡ ಹಡಗಾದರೆ ಸೀದಾ ಗಾಳಿಗೆ ಎದುರಾಗಿ ತಿರುಗಿ. ಗಾಳಿಯ ಎದುರು ಸ್ಲೂಪಿನಷ್ಟು ವೇಗ ಬೇರೆ ಹಡಗಿಗಿಲ್ಲ. ಗ್ಯಾಲಿಯನ್ ಓಡುವುದು ಗಾಳಿ ಹಿಂದಿನಿಂದ ಬೀಸಿದಾಗ. ರಾತ್ರಿಯಾದರೆ ದೀಪಗಳನ್ನೆಲ್ಲ ಆರಿಸಿ.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಚಿನ್ನ ತುಂಬಿದ ಖಾತೆಯನ್ನೇ ರೂಪಾಯಿಗೆ ಮಾರುವವರೂ ಇದ್ದಾರೆ. ನನಗೆ ತಿಳಿದ ಹುಡುಗನೊಬ್ಬ ಹಾಗೆ ಕೊಂಡ. ವಾರದೊಳಗೆ ಗುಪ್ತಪದ ಬದಲಾಗಿ ಖಾತೆ ಕೈತಪ್ಪಿತು. ನಿಜವಾದ ಹಣಕ್ಕೆ ಸಿಗುವ ಏನ್ಷಂಟ್ ಕಾಯಿನ್ ಬೇರೆಯದೇ ನಾಣ್ಯ. ಅದರಿಂದ ಬರುವುದೂ ಸಾಕುಪ್ರಾಣಿ, ವೇಷಭೂಷಣವೇ. ನಾನು ಒಂದು ರೂಪಾಯಿಯನ್ನೂ ಹಾಕಿಲ್ಲ.

ಹೆಜ್ಜೆ 6: ಮಾರಿ, ಬಾವುಟ ಇಳಿಸಿ, ಆಟ ಮುಚ್ಚಿ. ಇದೇ ಕ್ರಮದಲ್ಲಿ.

ಅಳಿಯ ಊರಿಗೆ ಹೊರಡುವ ಹಿಂದಿನ ರಾತ್ರಿ ರೇಷ್ಮೆ ಒಣಗಿದಂತೆ, ರಮ್ ತುಂಬಿದಂತೆ ತಲುಪಿಸಿದ. ಬಂದ ಚಿನ್ನದಲ್ಲಿ ಕೊಂಡದ್ದು ಕಡುಕೆಂಪು ಹಾಯಿ. “ಅದು ಅರ್ಧ ಸಮುದ್ರಕ್ಕೆ ಕಾಣತ್ತೆ ಕಣೋ, ವ್ಯಾಪಾರಿಗೆ ಇದು ಬೇಕಾ?” ಅಂದೆ. “ಚೆನ್ನಾಗಿದೆ ಅಲ್ವಾ ಮಾವ?” ಅಂದ.