ನಾಯಿಯನ್ನೂ ಕರೆದುಕೊಂಡು ಗೆಳೆಯರಿಗೆ ಕೊಡಗು ತೋರಿಸುವುದು ಹೇಗೆ?

ದೂರದೂರಿನಿಂದ ಬಂದ ಗೆಳೆಯರಿಗೆ ಕೊಡಗು ತೋರಿಸಬೇಕು, ಮನೆಯ ನಾಯಿಯೂ ಜೊತೆಗೆ ಬರಬೇಕು ಎಂದಾದರೆ ಮೊದಲ ಕೆಲಸ, ನೋಡುವ ಜಾಗಗಳ ಪಟ್ಟಿಗೆ ಕತ್ತರಿ ಹಾಕುವುದು. ನಾಗರಹೊಳೆ ಸಫಾರಿಗೆ ನಾಯಿ ಒಯ್ಯುವಂತಿಲ್ಲ. ಬ್ರಹ್ಮಗಿರಿ, ಪುಷ್ಪಗಿರಿ ವನ್ಯಜೀವಿಧಾಮಗಳಲ್ಲೂ ಅಷ್ಟೇ. ಸಾಕುನಾಯಿಯಿಂದ ಹರಡುವ ಡಿಸ್ಟೆಂಪರ್ ಎಂಬ ವೈರಸ್ ರೋಗ, ರೇಬೀಸ್ ಸೋಂಕು ಕಾಡಿನ ಸೀಳುನಾಯಿಗಳ ಇಡೀ ಗುಂಪನ್ನೇ ಮುಗಿಸಬಲ್ಲದು. ತಲಕಾವೇರಿ, ಭಾಗಮಂಡಲಗಳಲ್ಲಿ ನಾಯಿ ದೇವಸ್ಥಾನದ ಹೊರಗೇ ಇರಬೇಕು. ಮಡಿಕೇರಿಯ ರಾಜಾಸೀಟಿನ ಸಂಜೆಯ ಜನಜಂಗುಳಿಯಲ್ಲಿ ಅದಕ್ಕೆ ಸಿಗುವುದು ಕಾಲ್ತುಳಿತವಷ್ಟೇ.

ಇದಕ್ಕೆ ದಾರಿಯೆಂದರೆ ಪಾಳಿ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿಗೆ 8 ಕಿ.ಮೀ. ಗೆಳೆಯರು ದರ್ಶನ ಮುಗಿಸಿ ಬರುವವರೆಗೆ ನಾಯಿಯ ಹಗ್ಗ ನಿಮ್ಮ ಕೈಯಲ್ಲಿ, ಆಮೇಲೆ ಅವರ ಕೈಯಲ್ಲಿ. ಆದ್ದರಿಂದ ಹೊರಡುವ ಹಿಂದಿನ ದಿನವೇ ಅವರ ಕೈಲಿ ಹಗ್ಗ ಕೊಟ್ಟು ಅರ್ಧ ಗಂಟೆ ನಡೆಸಿ. ಪರಿಚಯವಿಲ್ಲದವರ ಜೊತೆ ನಾಯಿ ನಿಲ್ಲುವುದಿಲ್ಲ. ಮಡಿಕೇರಿ ತಂಪು ಎಂದು ಕಾರಿನೊಳಗೆ ಬಿಟ್ಟುಹೋಗಬೇಡಿ. ಬಿಸಿಲಿಗೆ ನಿಂತ, ಗಾಜು ಮುಚ್ಚಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಗುಡ್ಡ ಕುಸಿತ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಜಾತ್ರೆಯ ಜನಜಂಗುಳಿ, ತಲಕಾವೇರಿ ದಾರಿಯೇ ಬೇಡ.

ಆರು ವಾರ ಮೊದಲು

ರೇಬೀಸ್ ಲಸಿಕೆಯ ಅವಧಿ ನೋಡಿಕೊಳ್ಳಿ. ಇಲಿ ಜ್ವರದ ಲಸಿಕೆ ಹಾಕಿಸಿಲ್ಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು; ಕೊನೆಗಳಿಗೆಯಲ್ಲಿ ಆಗುವ ಕೆಲಸವಲ್ಲ. ನಿಂತ ನೀರು ಕುಡಿಯುವ ನಾಯಿಗೆ ಈ ಜ್ವರದ ಅಪಾಯ ಹೆಚ್ಚು. ರಕ್ತ ಹೀರುವ ಉಣ್ಣೆಗೆ (ಉಣುಗಿಗೆ) ಬೆನ್ನ ಮೇಲೆ ಹಾಕುವ ಹನಿ ಮದ್ದಾದರೆ, ಹಾಕುವ ಮುಂಚೆ ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಮಾಡಿಸಬೇಡಿ.

ಹೋಂಸ್ಟೇಗೆ ಫೋನ್ ಮಾಡಿದಾಗ ‘ನಾಯಿ ಬರಬಹುದಾ?’ ಎಂದಷ್ಟೇ ಕೇಳಿದರೆ ಸಾಲದು. ‘ನಿಮ್ಮಲ್ಲಿ ಎಷ್ಟು ನಾಯಿ ಇವೆ? ರಾತ್ರಿ ಬಿಟ್ಟಿರ್ತೀರಾ?’ ಎಂದೂ ಕೇಳಿ. ತೋಟದ ಮನೆಗಳಲ್ಲಿ ಕಾವಲು ನಾಯಿ ಇಲ್ಲದಿರುವುದು ಅಪರೂಪ, ಅವಕ್ಕೆ ಹೊಸಬರನ್ನು ಕಂಡರಾಗದು.

ದಾರಿಯಲ್ಲಿ

ಮೈಸೂರಿನಿಂದ ಹುಣಸೂರು, ಕುಶಾಲನಗರದ ಮೇಲೆ ಮಡಿಕೇರಿಗೆ ಸುಮಾರು 120 ಕಿ.ಮೀ. ಹೊರಡುವುದಕ್ಕೆ ಮೂರ್ನಾಲ್ಕು ಗಂಟೆ ಮೊದಲೇ ನಾಯಿಗೆ ಅರೆಹೊಟ್ಟೆ ಊಟ ಹಾಕಿ. ಹಿಂದಿನ ಸೀಟಿನಲ್ಲಿ ಎದೆಪಟ್ಟಿಗೆ ಬೆಲ್ಟ್ ಸಿಕ್ಕಿಸಿ ಕೂರಿಸಿ. ಕುತ್ತಿಗೆ ಪಟ್ಟಿಗೆ ಸಿಕ್ಕಿಸಿದರೆ ದಿಢೀರ್ ಬ್ರೇಕ್ ಹಾಕಿದಾಗ ಉಸಿರುಗಟ್ಟುತ್ತದೆ. ಕುಶಾಲನಗರದಲ್ಲಿ ಕಾರು ನಿಲ್ಲಿಸಿ ನೀರು ಕುಡಿಸಿ. ಮುಂದೆ ಸುಂಟಿಕೊಪ್ಪ ದಾಟಿದ ಮೇಲೆ ತಿರುವುಗಳು ಹೆಚ್ಚು. ನಾಯಿ ಮತ್ತೆ ಮತ್ತೆ ಆಕಳಿಸಿದರೆ, ತುಟಿ ನೆಕ್ಕಿದರೆ, ಜೊಲ್ಲು ಸುರಿಸಿದರೆ ವಾಂತಿಗೆ ಮುನ್ಸೂಚನೆ, ಆಗಲೇ ನಿಲ್ಲಿಸಿ. ಮನುಷ್ಯರ ವಾಂತಿ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ. ತಲೆಸುತ್ತುವ ಗೆಳೆಯರಿದ್ದರೆ ಅವರಿಗೆ ಮುಂದಿನ ಸೀಟು.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ತಿರುಗಿ ಹೊಡೆಯುತ್ತದೆ, ಲೋಬೀಮ್ ಸಾಕು. ಹತ್ತಿದ ಗೇರಿನಲ್ಲೇ ಇಳಿಯಿರಿ. ಗೋಣಿಕೊಪ್ಪದ ಕಡೆಯಿಂದ ಬರುವುದಾದರೆ ಕಾಡಿನ ನಡುವೆ ನಾಯಿಯನ್ನು ಕೆಳಗಿಳಿಸುವ ಮಾತೇ ಇಲ್ಲ.

ತೋಟದೊಳಗೆ

ನಿಜವಾದ ಎಚ್ಚರ ಬೇಕಿರುವುದು ಇಲ್ಲಿ. ಕಾಫಿ ತೋಟ ಕಂಡರೆ ನಾಯಿಯನ್ನು ಬಿಟ್ಟುಬಿಡೋಣ ಎನಿಸುತ್ತದೆ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆಗಳು ಹಗಲಲ್ಲೂ ನಿಂತಿರುತ್ತವೆ. ಬೊಗಳುತ್ತ ಮುನ್ನುಗ್ಗುವ ನಾಯಿ, ಆನೆ ತಿರುಗಿಬಿದ್ದ ಕೂಡಲೇ ಓಡಿ ಬರುವುದು ಯಜಮಾನನ ಬಳಿಗೆ, ಆನೆಯನ್ನು ಹಿಂದಿಟ್ಟುಕೊಂಡು. ಬೆಳಿಗ್ಗೆ ಹೊರಡುವ ಮುನ್ನ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ‘ಆನೆ ಯಾವ ಕಡೆ ಇದೆ?’ ಎಂದು ಕೇಳಿ. ಎರಡು ಮೀಟರ್ ಹಗ್ಗ ಸಾಕು. ಎಳೆದಷ್ಟೂ ಉದ್ದವಾಗುವ ಹಗ್ಗ ಕಾಫಿ ಗಿಡಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಂದಿಗಿಟ್ಟ ಉರುಳು, ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಲಸಿಟ್ಟ ಮೈಲುತುತ್ತದ ಡ್ರಮ್ಮು, ಇವೂ ಗಮನದಲ್ಲಿರಲಿ. ಕತ್ತಲಾದ ಮೇಲೆ ಚಿರತೆ ಭಯ, ನಾಯಿ ಕೋಣೆಯೊಳಗೇ ಮಲಗಲಿ.

ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಕಾಫಿ ಹಣ್ಣು ಹರಡಿರುತ್ತದೆ. ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ಗೆಳೆಯರು ಊರಿಗೊಯ್ಯಲು ಕೊಂಡ ಹೋಂಮೇಡ್ ಚಾಕೊಲೇಟು ಇನ್ನೂ ಕೆಟ್ಟದ್ದು: 10 ಕೆ.ಜಿ. ತೂಗುವ ನಾಯಿ 50 ಗ್ರಾಂ ಡಾರ್ಕ್ ಚಾಕೊಲೇಟು ತಿಂದರೆ ವಾಂತಿ, ಚಡಪಡಿಕೆ ಶುರುವಾಗಬಹುದು. ಡಿಕ್ಕಿಯಲ್ಲಿಟ್ಟು ಬೀಗ ಹಾಕಿ. ಪಂದಿ ಕರಿಯ (ಕೊಡಗಿನ ಹಂದಿ ಸಾರಿನ) ಕೊಬ್ಬು, ಈರುಳ್ಳಿ, ಬೆಂದ ಮೂಳೆ ಮೂರೂ ಆಗದು. ಉಪ್ಪು, ಮಸಾಲೆಯಿಲ್ಲದೆ ಬೇಯಿಸಿದ ಮೂಳೆರಹಿತ ಕೋಳಿ, ಅನ್ನ ಕೇಳಿ ಪಡೆಯಿರಿ.

ಜಿಗಣೆ, ಉಣ್ಣೆ

ಪ್ರತಿ ನಡಿಗೆಯ ನಂತರ ಕಾಲ್ಬೆರಳ ಸಂದು, ಕಿವಿ, ಕಂಕುಳು, ಒಸಡು ನೋಡಿ. ಜಿಗಣೆಯ ಸಪೂರ ತುದಿಯ ಬಳಿ ಉಗುರನ್ನು ಚರ್ಮಕ್ಕೊತ್ತಿ ಸರಿಸಿದರೆ ಬಿಡುತ್ತದೆ. ಬೆಂಕಿ ತಾಗಿಸಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ಮಾಡಿರುತ್ತದೆ, ಹತ್ತಿ ಒತ್ತಿ ಹಿಡಿಯಿರಿ. ಒಂದೇ ಹೊಳ್ಳೆಯಿಂದ ರಕ್ತ, ಜೊತೆಗೆ ಸೀನು ಬಂದರೆ ಜಿಗಣೆ ಮೂಗಿನೊಳಗಿರಬಹುದು. ಮೂಗಿಗೆ ಉಪ್ಪುನೀರು ಹಾಕಬೇಡಿ, ಪಶು ಆಸ್ಪತ್ರೆಗೆ ಹೋಗಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಸಹಾಯವಾಣಿ 1962. ಕಣಿವೆಗಳಲ್ಲಿ ಸಿಗ್ನಲ್ ಸಿಗದು, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ ಬೇಡ. ಮರಳಿದ ಎರಡು ಮೂರು ವಾರದೊಳಗೆ ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಉಣ್ಣೆ ಜ್ವರದ ಅನುಮಾನ ಪಡಬೇಕು. ಕೊಡಗಿನ ತೋಟದಲ್ಲಿ ಓಡಾಡಿಸಿದ್ದನ್ನು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.