ಸಂಘಕ್ಕೆ ಬೈಲಾ ಬರೆಯುವುದು ಹೇಗೆ?

ಊರಿನ ಕೆರೆ, ಲೈಬ್ರರಿ, ಮಕ್ಕಳ ಓದು ಅಂತ ಹುಮ್ಮಸ್ಸಿನಿಂದ ಶುರುವಾದ ಎಷ್ಟೋ ಸಂಘಗಳು ಮುಂದಿನ ಚುನಾವಣೆ ಹೊತ್ತಿಗೆ ಯಾರದ್ದೋ ಪ್ರಚಾರ ಕಚೇರಿ ಆಗಿರುತ್ತವೆ. ಕಾರಣ ಹುಡುಕಿದರೆ ಬೈಲಾದಲ್ಲೇ, ಅಂದರೆ ಸಂಘ ತನಗೆ ತಾನೇ ಬರೆದುಕೊಳ್ಳುವ ನಿಯಮಗಳಲ್ಲೇ, ಸಿಗುತ್ತದೆ.

1. ಜನ ಸೇರಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಮಂದಿ ಬೇಕು. ಏಳೂ ಮಂದಿ ಒಂದೇ ಮನೆಯವರು, ಒಂದೇ ಪಕ್ಷದವರು ಆಗುವುದು ಬೇಡ.

2. ಬೈಲಾ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಟೈಪಿಂಗ್ ಅಂಗಡಿಯಲ್ಲಿ ರೆಡಿ ಬೈಲಾ ಸಿಗುತ್ತದೆ, ಹೆಸರು ವಿಳಾಸ ಬದಲಿಸಿ ಕೊಡುತ್ತಾರೆ. ದಯವಿಟ್ಟು ತಗೋಬೇಡಿ. ಎಲ್ಲರೂ ಕೂತು ಒಂದೊಂದು ಸಾಲೂ ಜೋರಾಗಿ ಓದಿ ಬರೆಯಿರಿ.

ಅಧ್ಯಕ್ಷರಿಗೆ ಅವಧಿ ಹಾಕಿ: 3 ವರ್ಷ, ಜಾಸ್ತಿ ಅಂದರೆ ಎರಡು ಸಲ. 'ಮುಂದಿನ ಆಯ್ಕೆಯವರೆಗೆ ಮುಂದುವರಿಯತಕ್ಕದ್ದು' ಅಂತ ಮಾತ್ರ ಇದ್ದರೆ ಆ ಆಯ್ಕೆ ನಡೆಯುವುದೇ ಇಲ್ಲ.

ಪಕ್ಷದಲ್ಲಿ ಹುದ್ದೆ ಇರುವವರು ಪದಾಧಿಕಾರಿ ಆಗುವಂತಿಲ್ಲ. ಚುನಾವಣೆಗೆ ನಿಲ್ಲುವವರು ನಾಮಪತ್ರ ಸಲ್ಲಿಸುವ ಮೊದಲೇ ರಾಜೀನಾಮೆ ಕೊಡಬೇಕು. ಇದನ್ನು ಸ್ಪಷ್ಟವಾಗಿ ಬರೆಯಿರಿ. ರಾಜಕೀಯ ಮಾಡುವುದು ತಪ್ಪಲ್ಲ. ಸಂಘದ ಲೆಟರ್‌ಹೆಡ್, ಗಾಡಿ, ಸದಸ್ಯರ ಫೋನ್ ನಂಬರ್ ಪಟ್ಟಿ ಪ್ರಚಾರಕ್ಕೆ ಹೋಗುವುದು ತಪ್ಪು. ಒಳ್ಳೆಯ ನಾಯಕರು ಈ ಸಾಲಿಗೆ ತಾವೇ ಮೊದಲು ಸಹಿ ಹಾಕುತ್ತಾರೆ. ಶಾಸಕರು, ಪಕ್ಷದ ಪದಾಧಿಕಾರಿಗಳು ವಿದೇಶಿ ದೇಣಿಗೆ ಪಡೆಯುವುದನ್ನು 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯೂ ನಿಷೇಧಿಸಿದೆ.

'ಗೌರವಾಧ್ಯಕ್ಷ' ಅನ್ನುವ ಕುರ್ಚಿಯೇ ಬೇಡ. ಕೆಲಸ ಇಲ್ಲ, ಲೆಕ್ಕ ಕೇಳುವ ಹಾಗಿಲ್ಲ, ಫ್ಲೆಕ್ಸ್‌ನಲ್ಲಿ ಮಾತ್ರ ದೊಡ್ಡ ಫೋಟೊ. ಶಾಸಕರ ಸಹಾಯ ಬೇಕಿದ್ದರೆ ಅರ್ಜಿ ಕೊಟ್ಟು ಕೇಳಿ. ಅದು ನಿಮ್ಮ ಹಕ್ಕು, ಅಲ್ವಾ?

ಸಮಿತಿಯವರ ನೆಂಟರ ಅಂಗಡಿಯಿಂದ ಖರೀದಿ ಮಾಡುವ ಮಾತು ಬಂದರೆ, ಆ ಸದಸ್ಯರು ಆ ಚರ್ಚೆಯಿಂದ ಹೊರಗೆ ಹೋಗಬೇಕು. ಇದೂ ಬೈಲಾದಲ್ಲಿರಲಿ.

3. ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ. ಸುಲಭ. ಚೆಕ್‌ಗೆ ಎರಡು ಸಹಿ ಕಡ್ಡಾಯ ಮಾಡಿ.

4. ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ಬರೆದಿಡುವ ಪುಸ್ತಕ. ಪುಟಸಂಖ್ಯೆ ಅಚ್ಚಾಗಿರುವ, ರಟ್ಟು ಕಟ್ಟಿದ ಪುಸ್ತಕವನ್ನೇ ಕೊಳ್ಳಿ. ಸ್ಪೈರಲ್ ಪುಸ್ತಕದಲ್ಲಿ ಹಾಳೆ ಕಿತ್ತರೆ ಗೊತ್ತೇ ಆಗುವುದಿಲ್ಲ. ಖಾಲಿ ಪುಟಕ್ಕೆ ಮೊದಲೇ ಸಹಿ ಹಾಕಿಸಿ, ಆಮೇಲೆ ಠರಾವು ಬರೆಯುವವರಿದ್ದಾರೆ. ಎಷ್ಟು ಅವಸರವಿದ್ದರೂ ಒಪ್ಪಬೇಡಿ. ಕೊನೆಯ ಸಾಲಿನ ಕೆಳಗೇ ಸಹಿ, ಉಳಿದ ಜಾಗಕ್ಕೆ ಅಡ್ಡಗೆರೆ.

5. ದೇಣಿಗೆ. ಐವತ್ತು ರೂಪಾಯಿಗೂ ರಸೀದಿ ಕೊಡಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಮೊದಲೇ ಹೇಳಿಬಿಡಿ.

6. ಮಹಾಸಭೆ. ಪ್ರತಿ ವರ್ಷ ನಡೆಸಿ. ಆಡಿಟ್ ಆದ ಲೆಕ್ಕ, ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್‌ಗೆ ಸಲ್ಲಿಸಿ. ಅದೇ ಲೆಕ್ಕದ ಒಂದು ಪ್ರತಿಯನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೂ ಅಂಟಿಸಿ. ಕಾಯ್ದೆ ಇದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ.